ಮರವೇರುವವನ ಗರಗಸ: ಒರೆ, ಹಗ್ಗ ಮತ್ತು ಜಾಗ್ರತೆ

ಜೂನ್ ತಿಂಗಳ ಎರಡನೆಯ ವಾರದ ಹೊತ್ತಿಗೆ ಮುಂಗಾರು ಮಳೆ ಮುಂಬಯಿ ನಗರವನ್ನು ಮುಟ್ಟುವುದು ವಾಡಿಕೆ. ಅದಕ್ಕೆ ಮುನ್ನ, ಮೇ ತಿಂಗಳಿನಲ್ಲಿ, ವಸತಿ ಸಂಘಗಳ ಆವರಣಗಳಲ್ಲಿ ಗುಲ್‌ಮೊಹರ್, ಮಳೆಮರ, ಬಾದಾಮಿ, ಮಾವು ಮೊದಲಾದ ಮರಗಳ ಕೊಂಬೆಗಳನ್ನು ಸವರಿಸುವ ಕೆಲಸ ಭರದಿಂದ ಸಾಗುತ್ತದೆ. ಈಶಾನ್ಯ ಮಾರುತದ ಮಳೆಯನ್ನು ಪಡೆಯುವ ಚೆನ್ನೈಯಲ್ಲಿ ಇದೇ ಕೆಲಸ ಅಕ್ಟೋಬರಿಗೆ ಮುನ್ನ ಮುಗಿಯಬೇಕು. 2016ರ ಡಿಸೆಂಬರ್ 12ರಂದು ಚೆನ್ನೈಯನ್ನು ಹಾಯ್ದ ‘ವರ್ದಾ’ ಚಂಡಮಾರುತದಲ್ಲಿಯೂ, 2021ರ ಮೇ 17ರಂದು ಮುಂಬಯಿಯ ಮಗ್ಗುಲಲ್ಲಿ ಸಾಗಿದ ‘ತೌಕ್ತೆ’ ಚಂಡಮಾರುತದಲ್ಲಿಯೂ ಉರುಳಿಬಿದ್ದ ಮರಗಳನ್ನು ಕಂಡವರಿಗೆ ಈ ಕೆಲಸದ ಅಗತ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಕೊಂಬೆಯ ಕುರಿತು ಇರುವ ಕಾಳಜಿ ಕೊಂಬೆ ಕಡಿಯುವವನ ಕುರಿತು ಕಾಣಬರುವುದು ಕಡಿಮೆ. ಮರದಡಿಯ ವಾಹನಗಳನ್ನು ಬೇರೆಡೆಗೆ ಒಯ್ಯುತ್ತಾರೆ. ಕಿಟಕಿಯ ಗಾಜು ಒಡೆಯದಂತೆ ಎಚ್ಚರಿಕೆ ಹೇಳುತ್ತಾರೆ. ಕೂಲಿಯ ಮಾತು ಮುಗಿಸುತ್ತಾರೆ. ಮೇಲೇರುವವನು ತನ್ನ ಗರಗಸವನ್ನು ಹೇಗೆ ಒಯ್ಯುತ್ತಿದ್ದಾನೆ ಎಂಬುದನ್ನು ಮಾತ್ರ ಯಾರೂ ನೋಡುವುದಿಲ್ಲ. ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ ತೋಟದ ಮರಗಳನ್ನು ಸವರಿಸುವವರ ವಿಷಯವೂ ಇದೇ. ಮೇಲ್ನೋಟಕ್ಕೆ ಇದು ಅಲ್ಪ ಸಂಗತಿ. ವಿಚಾರಿಸಿ ನೋಡಿದರೆ ಕೈ, ಕಾಲು, ಕೆಲವೊಮ್ಮೆ ಪ್ರಾಣವೇ ಈ ಅಲ್ಪ ಸಂಗತಿಯನ್ನು ಅವಲಂಬಿಸಿದೆ.

ಗರಗಸವೇ ಏಕೆ?

ಕತ್ತಿಯಿಂದ ಕೊಂಬೆ ಕಡಿಯಬೇಕಾದರೆ ತೋಳನ್ನು ಬೀಸಬೇಕು. ಪ್ರತಿಯೊಂದು ಏಟಿಗೂ ಮರ ಅದುರುತ್ತದೆ, ಮೈಯ ಸಮತೋಲ ಕದಡುತ್ತದೆ. ಗುರಿ ತಪ್ಪಿದ ಏಟು ಕಾಲಿಗೋ ಹಗ್ಗಕ್ಕೋ ತಾಗಬಹುದು. ಕಡಿದ ಭಾಗ ಸೀಳಿಹೋಗಿ ಮರಕ್ಕೂ ಹಾನಿಯಾಗುತ್ತದೆ. ಯಂತ್ರಗರಗಸ ವೇಗವಾದುದೇನೋ ನಿಜ. ಆದರೆ ಚಿಕ್ಕ ಯಂತ್ರವೂ ಮೂರು ನಾಲ್ಕು ಕಿಲೋ ತೂಗುತ್ತದೆ, ಮರದ ಮೇಲೆ ಅದನ್ನು ನಡೆಸಲು ವಿಶೇಷ ತರಬೇತಿ ಬೇಕು. ಆದುದರಿಂದ ತೋಳಿನ ಗಾತ್ರದವರೆಗಿನ ಕೊಂಬೆಗಳಿಗೆ ಕೈಗರಗಸವೇ ಯೋಗ್ಯ ಸಾಧನ.

ಮರ ಸವರುವ ಗರಗಸದ ಅಲಗು ಸಾಮಾನ್ಯವಾಗಿ 30ರಿಂದ 40 ಸೆಂಟಿಮೀಟರ್ ಉದ್ದ, ತುಸು ಬಾಗಿದ ಆಕಾರ. ಅದರ ಹಲ್ಲುಗಳು ಹಿಡಿಯ ಕಡೆಗೆ ವಾಲಿರುತ್ತವೆ. ಆದ್ದರಿಂದ ಅದು ತಳ್ಳಿದಾಗ ಅಲ್ಲ, ತನ್ನತ್ತ ಎಳೆದಾಗ ಕೊಯ್ಯುತ್ತದೆ. ಎಳೆಯುವ ಹೊಡೆತದಲ್ಲಿ ಅಲಗು ಬಿಗಿದು ನೇರವಾಗಿ ನಿಲ್ಲುವುದರಿಂದ ತೆಳುವಾದ ಉಕ್ಕೂ ಬಾಗದೆ ಕೆಲಸ ಮಾಡುತ್ತದೆ. ತೋಳಿನ ಶ್ರಮವೂ ಕಡಿಮೆ. ಆದರೆ ಇದೇ ಗುಣದಲ್ಲಿ ಅಪಾಯವೂ ಅಡಗಿದೆ. ಇಂಥ ಗರಗಸ ಮೈಗೆ ತಾಗಿದಾಗ ಮನುಷ್ಯ ಸಹಜವಾಗಿ ಅದನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆ. ಹಾಗೆ ಸೆಳೆದುಕೊಂಡಾಗಲೇ ಅದು ಆಳವಾಗಿ ಕೊಯ್ಯುವುದು.

ಹತ್ತುವ ಕೈಗೆ ಒಂದೇ ಕೆಲಸ

ಮರ ಹತ್ತುವವನಿಗೆ ಎರಡು ಕೈ, ಎರಡು ಕಾಲು ಸೇರಿ ನಾಲ್ಕು ಆಧಾರಗಳು. ಇವುಗಳಲ್ಲಿ ಮೂರು ಸದಾ ಮರವನ್ನೋ ಏಣಿಯನ್ನೋ ಹಿಡಿದಿರಬೇಕು. ಒಂದು ಮಾತ್ರ ಚಲಿಸಬೇಕು. ಇದು ಏರುವ ಕೆಲಸಗಳೆಲ್ಲದರ ಮೊದಲ ನಿಯಮ. ಒಂದು ಕೈಯಲ್ಲಿ ಗರಗಸವಿದ್ದರೆ ಆಧಾರಗಳು ಮೂರೇ ಉಳಿಯುತ್ತವೆ. ಅವುಗಳಲ್ಲಿ ಒಂದು ಚಲಿಸಿದ ಕ್ಷಣದಲ್ಲಿ ಮನುಷ್ಯ ಎರಡೇ ಆಧಾರಗಳ ಮೇಲೆ ನಿಂತಿರುತ್ತಾನೆ. ತೊಗಟೆ ಜಾರಿದರೆ, ಒಣಗಿದ ರೆಂಬೆ ಮುರಿದರೆ, ಇರುವೆ ಕಚ್ಚಿದರೆ ಅಲ್ಲಿಗೆ ಮುಗಿಯಿತು.

ಬೀಳುವುದಕ್ಕೆ ಬೇಕಾಗುವ ಕಾಲ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 6 ಮೀಟರ್ ಎತ್ತರದಿಂದ, ಅಂದರೆ ಸುಮಾರು ಎರಡನೆಯ ಮಹಡಿಯ ಮಟ್ಟದಿಂದ, ಬಿದ್ದವನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಸಮಯದಲ್ಲಿ ನೆಲ ಸೇರುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. ಈ ಒಂದು ಸೆಕೆಂಡಿನಲ್ಲಿ ಕೈಯ ಗರಗಸವನ್ನು ದೂರ ಎಸೆಯಲು ಸಾಧ್ಯವಾಗುವುದಿಲ್ಲ. ಬೀಳುವವನ ಕೈ ತಾನು ಹಿಡಿದಿದ್ದನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಗರಗಸವೊಂದೇ ಬಿದ್ದರೂ ಕ್ಷೇಮವಲ್ಲ. ಅರ್ಧ ಕಿಲೋದಷ್ಟು ತೂಕದ ಗರಗಸ 10 ಮೀಟರ್ ಎತ್ತರದಿಂದ ಬಿದ್ದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕೆಳಗಿರುವವನ ತಲೆಯನ್ನೋ ಭುಜವನ್ನೋ ತಾಗುತ್ತದೆ.

ಹೀಗಿರುವಲ್ಲಿ ಇಡೀ ವಿಷಯವನ್ನು ಒಂದು ಮಾತಿನಲ್ಲಿ ಹೇಳಬಹುದು: ಹತ್ತುವಾಗಲೂ ಇಳಿಯುವಾಗಲೂ ಕೈ ಬರಿದಾಗಿರಬೇಕು; ಕೊಯ್ಯದೆ ಇರುವಾಗ ಗರಗಸದ ಹಲ್ಲು ಮುಚ್ಚಿರಬೇಕು. ಉಳಿದುದೆಲ್ಲ ಈ ಎರಡು ನಿಯಮಗಳ ವಿವರಣೆಯೇ.

ರೂಢಿಯಲ್ಲಿರುವ ತಪ್ಪು ಕ್ರಮಗಳು

ಗರಗಸವನ್ನು ಮೇಲೊಯ್ಯುವಾಗ ಕೆಲಸಗಾರರು ಅನುಸರಿಸುವ ಕೆಲವು ಕ್ರಮಗಳು ಬಹಳ ಕಾಲದಿಂದ ನಡೆದುಬಂದಿರುವುದರಿಂದಲೇ ಸರಿಯೆಂದು ತೋರುತ್ತವೆ. ಅವುಗಳ ದೋಷವನ್ನು ಅರಿಯುವುದು ಅಗತ್ಯ.

1. ಸೊಂಟದ ಪಟ್ಟಿಗೆ ಅಥವಾ ಲುಂಗಿಯ ಕಟ್ಟಿಗೆ ಬರಿಯ ಅಲಗನ್ನು ಸಿಕ್ಕಿಸುವುದು. ಮೊಣಕಾಲನ್ನು ಮೇಲೆತ್ತಿದಾಗಲೆಲ್ಲ ಹಲ್ಲುಗಳು ತೊಡೆಯನ್ನು ಉಜ್ಜುತ್ತವೆ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಅದು ಕೊಯ್ದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ.

2. ಹಿಡಿಗೆ ದಾರ ಕಟ್ಟಿ ಕುತ್ತಿಗೆಗೆ ತೂಗುಹಾಕಿಕೊಳ್ಳುವುದು. ದಾರ ರೆಂಬೆಗೆ ಸಿಲುಕಿದರೆ ಉರುಳಿನಂತಾಗುತ್ತದೆ. ಅಲಗು ಎದೆ ಹೊಟ್ಟೆಗಳ ಮೇಲೆ ಹೊರಳಾಡುತ್ತದೆ.

3. ಬಿಲ್ಲಿನಾಕಾರದ ಗರಗಸವನ್ನು ಹೆಗಲಿಗೆ ಏರಿಸಿಕೊಳ್ಳುವುದು. ಬಿಲ್ಲಿನ ಚೌಕಟ್ಟು ಕೊಂಬೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಲ್ಲಿನ ಸಾಲು ಕಂಕುಳ ಬಳಿಯಲ್ಲೋ ಬೆನ್ನಿನ ಮೇಲೋ ಬರುತ್ತದೆ.

4. ಹಿಡಿಯನ್ನು ಬಾಯಲ್ಲಿ ಕಚ್ಚಿಕೊಳ್ಳುವುದು. ಮುಖಕ್ಕೂ ಕಣ್ಣಿಗೂ ಇದರಿಂದಾಗಬಹುದಾದ ಹಾನಿಯನ್ನು ಹೇಳಬೇಕಾಗಿಲ್ಲ.

5. ಕೆಳಗಿನಿಂದ ಗರಗಸವನ್ನು ಎಸೆದು ಮೇಲಿನವನು ಹಿಡಿಯುವುದು, ಅಥವಾ ಕೆಲಸ ಮುಗಿದ ಮೇಲೆ ಕೆಳಕ್ಕೆ ಎಸೆಯುವುದು. ಹಿಡಿಯಲು ಹೋದವನು ತನ್ನ ಆಧಾರವನ್ನು ಬಿಡುತ್ತಾನೆ. ಕೆಳಗಿರುವವನು ಮೇಲೆ ನೋಡುತ್ತ ನಿಂತಿರುತ್ತಾನೆ.

6. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸರಿಯುವಾಗ ಗರಗಸವನ್ನು ಕವಲಿನಲ್ಲಿ ಸಿಕ್ಕಿಸುವುದು ಅಥವಾ ಅರ್ಧ ಕೊಯ್ದ ಸೀಳಿನಲ್ಲಿಯೇ ಬಿಡುವುದು. ಮರ ಅಲುಗಿದಾಗ ಅದು ಜಾರಿ ಬೀಳುತ್ತದೆ.

ನಾಡಿನ ಹಳೆಯ ಪಾಠ

ಆಯುಧವನ್ನು ಮೈಗೆ ಕಟ್ಟಿಕೊಂಡು ಕೈಯನ್ನು ಬಿಡುವಾಗಿ ಇರಿಸಿಕೊಳ್ಳುವ ವಿವೇಕ ಕನ್ನಡನಾಡಿಗೆ ಹೊಸದಲ್ಲ. ಕೊಡಗಿನವರ ಅಗಲವಾದ ಒಡಿಕತ್ತಿಯನ್ನು ಸೊಂಟದ ಹಿಂಬದಿಗೆ ಕಟ್ಟಿದ ‘ತೋಡಂಗ್’ ಎಂಬ ಲೋಹದ ಕೊಕ್ಕೆಯಲ್ಲಿ ಧರಿಸುತ್ತಾರೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ತೋಟ ಗದ್ದೆಗಳಿಗೆ ಹೋಗುವವರು ಸೊಂಟದ ಹಗ್ಗಕ್ಕೆ ಹಿಂದುಗಡೆ ಮರದ ಕೊಕ್ಕೆಯನ್ನು ಕಟ್ಟಿ, ಅದಕ್ಕೆ ಕತ್ತಿಯನ್ನು ತೂಗುಹಾಕುತ್ತಾರೆ. ಕಾಲಿಗೆ ತಳೆ ತೊಟ್ಟು ಅಡಕೆಯ ಮರವನ್ನು ಅಪ್ಪಿ ಏರುವ ಕೊನೆಗಾರನಿಗೆ ಎದೆ, ಹೊಟ್ಟೆ, ತೊಡೆಯ ಒಳಭಾಗಗಳೆಲ್ಲ ಮರಕ್ಕೆ ತಾಗಿರುತ್ತವೆ. ಮುಂಭಾಗದಲ್ಲಿ ಯಾವ ಹರಿತವಾದ ವಸ್ತುವೂ ಇರಕೂಡದೆಂಬುದು ಅವನ ಅನುಭವ ಕಲಿಸಿದ ಪಾಠ. ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಇಳಿಸುವ ಮರಗಸಿ ಕೆಲಸದವರಿಗೂ ಇದು ತಿಳಿದ ವಿಷಯ.

ಆದರೆ ಈ ಪದ್ಧತಿಯನ್ನು ಗರಗಸಕ್ಕೆ ಇದ್ದಂತೆಯೇ ಅನ್ವಯಿಸುವಂತಿಲ್ಲ. ಕತ್ತಿಗೆ ಒಂದೇ ಅಂಚು, ಅದೂ ನಯವಾದುದು. ಕೊಕ್ಕೆಯಲ್ಲಿ ಅದು ಒಂದೇ ದಿಕ್ಕಿಗೆ ನಿಲ್ಲುತ್ತದೆ. ಗರಗಸ ಉದ್ದವಾದುದು, ಹಗುರವಾದುದು, ಕೊಕ್ಕೆಯಲ್ಲಿ ತೂಗಾಡುತ್ತದೆ. ಅದರ ಪ್ರತಿಯೊಂದು ಹಲ್ಲೂ ಬಟ್ಟೆ, ಹಗ್ಗ, ಚರ್ಮ ಯಾವುದನ್ನಾದರೂ ಹಿಡಿಯಲು ಸಿದ್ಧವಾಗಿರುತ್ತದೆ. ಆದುದರಿಂದ ಕತ್ತಿಗೆ ಕೊಕ್ಕೆ ಸಾಕಾದರೆ ಗರಗಸಕ್ಕೆ ಒರೆ ಬೇಕೇ ಬೇಕು.

ಒಳ್ಳೆಯ ಒರೆಯ ಲಕ್ಷಣಗಳು

ಒರೆ ಅಲಗಿಗಿಂತ ಎರಡು ಮೂರು ಸೆಂಟಿಮೀಟರಾದರೂ ಉದ್ದವಿರಬೇಕು. ತುದಿ ಹೊರಗೆ ಇಣುಕಬಾರದು. ಹಲ್ಲುಗಳಿಂದ ಹರಿಯದಷ್ಟು ಗಟ್ಟಿಯಾದ ವಸ್ತುವಿನಿಂದ ಅದನ್ನು ಮಾಡಿರಬೇಕು. ಬರಿಯ ಬಟ್ಟೆಯ ಅಥವಾ ತೆಳುವಾದ ತೊಗಲಿನ ಒರೆ ಕೆಲವು ದಿನಗಳಲ್ಲಿಯೇ ಒಳಗಿನಿಂದ ಕೊಯ್ದುಹೋಗುತ್ತದೆ, ಹೊರಗಿನಿಂದ ನೋಡಿದವರಿಗೆ ಅದು ತಿಳಿಯುವುದೂ ಇಲ್ಲ. ಬಾಯಿ ತುಸು ಅಗಲವಿದ್ದರೆ ಗರಗಸವನ್ನು ಮರಳಿ ಸೇರಿಸುವುದು ಸುಲಭ. ತಳದಲ್ಲಿ ಒಂದು ರಂಧ್ರವಿರಬೇಕು. ಇಲ್ಲವಾದರೆ ಗರಗಸದ ಪುಡಿಯೂ ನೀರೂ ನಿಂತು ಅಲಗು ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ತಡೆ. ಮನುಷ್ಯ ಬಾಗಿದರೂ ತಲೆಕೆಳಗಾದರೂ ಗರಗಸ ಜಾರದಂತೆ ಹಿಡಿಯ ಮೇಲೆ ಬರುವ ರಬ್ಬರಿನ ಕುಣಿಕೆಯೋ ಗುಂಡಿಯುಳ್ಳ ಪಟ್ಟಿಯೋ ಇರಬೇಕು.

ಮರದ ಕೆಲಸಕ್ಕೆಂದೇ ತಯಾರಾದ ಗರಗಸಗಳು ಗಟ್ಟಿ ಪ್ಲಾಸ್ಟಿಕ್ಕಿನ ಒರೆಯೊಂದಿಗೇ ಮಾರಾಟವಾಗುತ್ತವೆ. ಅದು ದೊರೆಯದಿದ್ದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ನೀರಿನ ಪಿವಿಸಿ ಕೊಳವೆಯ ಒಂದು ತುಂಡನ್ನು ಕುದಿಯುವ ನೀರಿನಲ್ಲಿ ಮೆತ್ತಗಾಗಿಸಿ, ಎರಡು ಹಲಗೆಗಳ ನಡುವೆ ಒತ್ತಿ ಆರಿಸಿದರೆ ಅದು ಚಪ್ಪಟೆಯಾದ ಒರೆಯಾಗುತ್ತದೆ. ಒತ್ತುವಾಗ ಅಲಗಿಗಿಂತ ದಪ್ಪನಾದ ಮರದ ಪಟ್ಟಿಯೊಂದನ್ನು ಒಳಗಿಟ್ಟರೆ ಅಳತೆ ಸರಿಯಾಗಿ ಬರುತ್ತದೆ. ಪಿವಿಸಿಯನ್ನು ಬೆಂಕಿಯ ಮೇಲೆ ಹಿಡಿಯಕೂಡದು. ಸುಟ್ಟರೆ ಹೊರಡುವ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ವಿಷ. ಎರಡು ತೆಳುವಾದ ಮರದ ಪಟ್ಟಿಗಳ ನಡುವೆ ಅಂಚುಕಡ್ಡಿ ಇಟ್ಟು ಮೊಳೆ ಹೊಡೆದು, ಮೇಲೆ ತೊಗಲನ್ನು ಸುತ್ತಿದರೂ ಕೆಲಸ ನಡೆಯುತ್ತದೆ.

ಮಡಚುವ ಗರಗಸಕ್ಕೆ ಒರೆ ಬೇಕಿಲ್ಲವೆಂದು ಕೆಲವರ ಎಣಿಕೆ. ಮಡಚಿದಾಗ ಹಲ್ಲು ಹಿಡಿಯೊಳಗೆ ಸೇರುವುದು ನಿಜ. ಆದರೆ ಮಡಿಕೆಯ ತಡೆ ಸವೆದಿದ್ದರೆ ಜೇಬಿನಲ್ಲಿಯೇ ಅದು ಬಿಚ್ಚಿಕೊಳ್ಳಬಹುದು, ಅಥವಾ ಕೊಯ್ಯುವಾಗ ಬೆರಳಿನ ಮೇಲೆ ಮಡಚಿಕೊಳ್ಳಬಹುದು. ಮೇಲಾಗಿ ಅದನ್ನು ಬಿಚ್ಚುವುದಕ್ಕೂ ಮಡಚುವುದಕ್ಕೂ ಸಾಮಾನ್ಯವಾಗಿ ಎರಡು ಕೈಗಳು ಬೇಕು. ಆದುದರಿಂದ ಏಣಿಯ ಮೇಲಿನ ಅಥವಾ ಗಿಡಗಳ ನಡುವಿನ ಚಿಕ್ಕ ಕೆಲಸಕ್ಕೆ ಅದು ಸರಿ. ಎತ್ತರದ ಮರಕ್ಕೆ ಒರೆಯುಳ್ಳ ನೇರ ಹಿಡಿಯ ಗರಗಸವೇ ಲೇಸು.

ಒರೆಯನ್ನು ಎಲ್ಲಿ ಕಟ್ಟಬೇಕು?

ಇದಕ್ಕೆ ಎರಡು ಸ್ಥಾನಗಳು ಯೋಗ್ಯ. ಮೊದಲನೆಯದು ಸೊಂಟದ ಪಕ್ಕ, ತುಸು ಹಿಂಬದಿಗೆ. ಕೈಗೆ ಸುಲಭವಾಗಿ ಎಟಕುತ್ತದೆ, ಮರವನ್ನು ಅಪ್ಪಿದಾಗ ಅಡ್ಡ ಬರುವುದಿಲ್ಲ. ದೋಷವೆಂದರೆ ಒರೆಯ ಕೆಳತುದಿ ಸಡಿಲವಾಗಿದ್ದರೆ ಕೊಂಬೆಗಳಿಗೆ ಸಿಲುಕುತ್ತದೆ. ಎರಡನೆಯದು ಕಾಲಿನ ಹೊರಬದಿ, ಮೊಣಕಾಲಿನ ಕೆಳಗೆ. ಇಲ್ಲಿ ಒರೆಯನ್ನು ಮೇಲೆ ಒಂದು, ಕೆಳಗೆ ಒಂದು ಎಂದು ಎರಡು ಪಟ್ಟಿಗಳಿಂದ ಬಿಗಿದಿರುವುದರಿಂದ ಅದು ಅಲುಗಾಡುವುದಿಲ್ಲ. ಬೆಲ್ಟಿನಲ್ಲಿ ಕುಳಿತಂತೆ ತೂಗಿ ಕೆಲಸ ಮಾಡುವವರಿಗೆ ಕಾಲು ಮಡಿಸಿದಾಗ ಹಿಡಿ ತಾನಾಗಿ ಕೈಗೆ ಬರುತ್ತದೆ. ಪಟ್ಟಿ ರಕ್ತಸಂಚಾರಕ್ಕೆ ತಡೆಯಾಗುವಷ್ಟು ಬಿಗಿಯಾಗಿರಬಾರದು. ಒಂದು ಬೆರಳು ಒಳಹೋಗುವಷ್ಟು ಎಡೆ ಇರಲಿ.

ಬೆನ್ನಿನ ನಡುವೆ ಗಟ್ಟಿಯಾದ ಒರೆಯನ್ನು ಕಟ್ಟುವುದು ಒಳ್ಳೆಯದಲ್ಲ. ಬೆನ್ನು ಕೆಳಗಾಗಿ ಬಿದ್ದರೆ ಅದು ಬೆನ್ನುಮೂಳೆಗೆ ಒತ್ತುತ್ತದೆ. ಕೊಯ್ಯುವ ಕೈ ಯಾವ ಕಡೆಯದೋ ಒರೆಯೂ ಅದೇ ಕಡೆ ಇರಬೇಕು. ಎದುರು ಕಡೆಯಿಂದ ಸೆಳೆದರೆ ಬರಿಯ ಅಲಗು ಹೊಟ್ಟೆಯ ಮುಂದೆ, ಕಟ್ಟಿಕೊಂಡ ಹಗ್ಗದ ಮುಂದೆ ಹಾದುಬರುತ್ತದೆ. ಹಲ್ಲಿನ ಸಾಲು ಮೈಯತ್ತ ತಿರುಗಿರಬಾರದು.

ಗರಗಸವನ್ನು ಒರೆಗೆ ಸೇರಿಸುವಾಗ ಒಂದು ಅಭ್ಯಾಸ ಅಗತ್ಯ. ಕಣ್ಣಿನಿಂದ ನೋಡಿಯೇ ಸೇರಿಸಬೇಕು. ಇನ್ನೊಂದು ಕೈ ಒರೆಯ ಬಾಯಿಯ ಬಳಿ ಇರಕೂಡದು. ಆಯಾಸಗೊಂಡ ಕೆಲಸಗಾರ ಒರೆಯ ಬಾಯಿಯನ್ನು ಎಡಗೈಯಿಂದ ಹಿಡಿದು, ಬೇರೆಡೆ ನೋಡುತ್ತ ಬಲಗೈಯಿಂದ ಗರಗಸವನ್ನು ತುರುಕುತ್ತಾನೆ. ಹೆಬ್ಬೆರಳಿನ ಗಾಯಕ್ಕೆ ಇದೊಂದು ದಾರಿ.

ಹಗ್ಗದಿಂದ ಏರಿಸುವ ಕ್ರಮ

ಹೊಸಬರಿಗೂ, ವಿರಳವಾಗಿ ಮರ ಹತ್ತುವವರಿಗೂ ಎಲ್ಲಕ್ಕಿಂತ ಕ್ಷೇಮವಾದ ಕ್ರಮವೆಂದರೆ ಗರಗಸವಿಲ್ಲದೆ ಹತ್ತಿ, ಆಮೇಲೆ ಅದನ್ನು ಹಗ್ಗದಿಂದ ಎಳೆದುಕೊಳ್ಳುವುದು. ಮರದ ಎತ್ತರದ ಎರಡರಷ್ಟು ಉದ್ದದ ಹಗುರವಾದ ಹಗ್ಗ ಸಾಕು. ಅದರ ಒಂದು ತುದಿಯನ್ನು ಬೆಲ್ಟಿಗೆ ಸಡಿಲವಾಗಿ ಸಿಕ್ಕಿಸಿಕೊಂಡು ಮೇಲೇರಬೇಕು. ಕೆಳಗಿರುವವನು ಆ ಹಗ್ಗದ ಮೇಲೆ ಕಾಲಿಡಬಾರದು, ಎಳೆಯಲೂಬಾರದು.

ಏರಿದವನು ತನ್ನನ್ನು ಮರಕ್ಕೆ ಭದ್ರವಾಗಿ ಕಟ್ಟಿಕೊಂಡ ಮೇಲೆ ಕೂಗಿ ಸೂಚನೆ ಕೊಡಬೇಕು. ಆಗ ಕೆಳಗಿನವನು ಒರೆಯಲ್ಲಿರುವ ಗರಗಸವನ್ನು ಹಗ್ಗದ ನಡುಭಾಗಕ್ಕೆ ಕಟ್ಟುತ್ತಾನೆ. ಹಿಡಿಯ ರಂಧ್ರದಲ್ಲಿ ಹಗ್ಗ ಹಾಯಿಸಿ ಎರಡು ಗಂಟು ಹಾಕಿದರೆ ಹಿಡಿ ಮೇಲಾಗಿ, ತುದಿ ಕೆಳಗಾಗಿ ಏರುತ್ತದೆ. ನಡುಭಾಗಕ್ಕೆ ಕಟ್ಟುವುದರ ಪ್ರಯೋಜನವೆಂದರೆ ಹಗ್ಗದ ಕೆಳತುದಿ ಕೆಳಗಿನವನ ಕೈಯಲ್ಲಿಯೇ ಉಳಿಯುತ್ತದೆ. ಅವನು ಪಕ್ಕಕ್ಕೆ ಸರಿದು ನಿಂತು, ಗರಗಸ ಕೊಂಬೆಗಳಿಗೆ ಸಿಲುಕದಂತೆ ಅದನ್ನು ಹೊರಗೆ ಸೆಳೆದು ಹಿಡಿಯಬಹುದು. ಏರುತ್ತಿರುವ ಗರಗಸದ ನೇರ ಕೆಳಗೆ ಯಾರೂ ನಿಲ್ಲಬಾರದು. ಇಳಿಸುವುದೂ ಇದೇ ರೀತಿ: ಮೊದಲು ಗರಗಸ ನೆಲ ಸೇರಬೇಕು, ಬಳಿಕ ಮನುಷ್ಯ ಇಳಿಯಬೇಕು.

ನೆಲದ ಮೇಲೆ ನಿಂತು ಉದ್ದನೆಯ ಕೋಲಿನ ತುದಿಯ ಗರಗಸದಿಂದ ಮಾಡಬಹುದಾದ ಕೆಲಸಕ್ಕೆ ಮರ ಹತ್ತುವ ಅಗತ್ಯವೇ ಇಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು.

ಮೇಲೆ ಕೊಯ್ಯುವಾಗ

ಮರದ ಮೇಲೆ ಗರಗಸದ ಅತಿ ದೊಡ್ಡ ಶತ್ರುತ್ವ ಹಗ್ಗದೊಂದಿಗೆ. ಸಡಿಲವಾದ ಹಗ್ಗವನ್ನು ಕೊಯ್ಯಲು ತುಸು ಹೊತ್ತು ಬೇಕು; ಮನುಷ್ಯನ ಭಾರದಿಂದ ಬಿಗಿದುನಿಂತ ಹಗ್ಗಕ್ಕೆ ಹರಿತವಾದ ಗರಗಸ ತಾಗಿದರೆ ಒಂದೆರಡು ಎಳೆತಗಳಲ್ಲಿಯೇ ಅದು ತುಂಡಾಗುತ್ತದೆ. ಆದುದರಿಂದ ಕೊಯ್ಯಲು ತೊಡಗುವ ಮೊದಲು ಎರಡು ಬೇರೆ ಬೇರೆ ಕಟ್ಟುಗಳಿಂದ ಮರಕ್ಕೆ ಬಂಧಿತನಾಗಿರಬೇಕು. ಒಂದು ತುಂಡಾದರೂ ಇನ್ನೊಂದು ಹಿಡಿದಿರುತ್ತದೆ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬಿದ್ದಾಗ ಹೊಟ್ಟೆಗೂ ಬೆನ್ನಿಗೂ ಪೆಟ್ಟು ಕೊಡುತ್ತದೆ. ಭುಜ, ಎದೆ, ತೊಡೆಗಳನ್ನು ಸುತ್ತುವ ಪೂರ್ಣ ಬೆಲ್ಟೇ ಬೇಕು. ಕೊಳ್ಳುವಾಗ ಐಎಸ್‌ಐ ಮುದ್ರೆಯನ್ನೂ ಐಎಸ್ 3521 ಎಂಬ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. ಕೆಲಸದ ಶಿರಸ್ತ್ರಾಣಕ್ಕೆ ಈ ಸಂಖ್ಯೆ ಐಎಸ್ 2925.

ಗಾಯಗಳಿಗೆ ಸುಲಭವಾಗಿ ಗುರಿಯಾಗುವುದು ಕೊಯ್ಯದೆ ಇರುವ ಕೈ. ಕೊಂಬೆಯನ್ನು ಹಿಡಿದ ಕೈ ಗರಗಸದಿಂದ ಒಂದು ಮೊಳ ದೂರವಿರಬೇಕು. ಮೊದಲ ಎಳೆತದಲ್ಲಿ ಅಲಗು ತೊಗಟೆಯ ಮೇಲೆ ಹಾರುತ್ತದೆ. ಕೊನೆಯ ಎಳೆತದಲ್ಲಿ ಕೊಂಬೆ ಕಳಚಿ, ಅಲಗು ಬಂದ ವೇಗದಲ್ಲಿಯೇ ಮೈಯತ್ತ ನುಗ್ಗುತ್ತದೆ. ಈ ಎರಡು ವೇಳೆಗಳಲ್ಲಿ ನಿಧಾನ ಅತ್ಯಗತ್ಯ.

ಕೊಂಬೆಯ ಭಾರವನ್ನೂ ಅಲಕ್ಷಿಸುವಂತಿಲ್ಲ. 15 ಸೆಂಟಿಮೀಟರ್ ದಪ್ಪದ, 3 ಮೀಟರ್ ಉದ್ದದ ಹಸಿ ಕೊಂಬೆ ಸುಮಾರು 50 ಕಿಲೋ ತೂಗಬಹುದು. ಅದನ್ನು ಒಂದೇ ಸಲಕ್ಕೆ ಮೇಲಿನಿಂದ ಕೊಯ್ದರೆ ತೊಗಟೆ ಸಮೇತ ಸೀಳಿಕೊಂಡು ಬಂದು ಮನುಷ್ಯನ ಮೇಲೆ ತೂಗಿಬೀಳುತ್ತದೆ. ಆದುದರಿಂದ ಮೂರು ಕೊಯ್ತಗಳ ಕ್ರಮವನ್ನು ಅನುಸರಿಸಬೇಕು. ಬೊಡ್ಡೆಯಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಕೆಳಗಿನಿಂದ ಕಾಲುಭಾಗದಷ್ಟು ಕೊಯ್ಯುವುದು ಮೊದಲನೆಯದು. ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಇಳಿಸುವುದು ಎರಡನೆಯದು. ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿಗೆ ಹಾನಿಯಾಗದಂತೆ ಅದರ ಹೊರಗಡೆ ಕೊಯ್ಯುವುದು ಮೂರನೆಯದು. ಆ ಉಬ್ಬು ಉಳಿದರೆ ಮರದ ಗಾಯ ಬೇಗ ಮುಚ್ಚಿಕೊಳ್ಳುತ್ತದೆ.

ಗರಗಸ ಕೈಜಾರಿದರೂ ಬೀಳದಿರಲೆಂದು ಹಿಡಿಯಿಂದ ಬೆಲ್ಟಿಗೆ ದಾರ ಕಟ್ಟುವವರಿದ್ದಾರೆ. ಇದರಲ್ಲಿ ಗುಣವೂ ಇದೆ, ದೋಷವೂ ಇದೆ. ಹೆಜ್ಜೇನು ಎದ್ದಾಗಲೋ ಕೆಂಜಿಗ ಮುತ್ತಿದಾಗಲೋ ಕೈಬಿಟ್ಟ ಗರಗಸ ಕೆಳಗಿನವನ ಮೇಲೆ ಬೀಳದು. ಆದರೆ ಬೀಳುತ್ತಿರುವ ಕೊಂಬೆಯ ಸೀಳಿನಲ್ಲಿ ಗರಗಸ ಸಿಲುಕಿದರೆ ಅದು ಮನುಷ್ಯನನ್ನೂ ಎಳೆದೊಯ್ಯುತ್ತದೆ. ದಾರ ಕಟ್ಟುವುದಾದರೆ ಅದು ತೋಳಿನುದ್ದವಿದ್ದು, ಗರಗಸದ ಭಾರ ತಡೆಯುವಷ್ಟು ಗಟ್ಟಿಯಾಗಿಯೂ ಬಲವಾದ ಸೆಳೆತಕ್ಕೆ ಹರಿಯುವಷ್ಟು ತೆಳುವಾಗಿಯೂ ಇರಬೇಕು.

ಗರಗಸವನ್ನು ಹರಿತವಾಗಿ ಇಟ್ಟುಕೊಳ್ಳುವುದೂ ಸುರಕ್ಷತೆಯ ಒಂದು ಅಂಗ. ಮೊಂಡಾದ ಗರಗಸಕ್ಕೆ ಹೆಚ್ಚು ಬಲ ಬೇಕು. ಬಲ ಹೆಚ್ಚಿದಷ್ಟೂ ಸಮತೋಲ ತಪ್ಪುವುದು ಸುಲಭ. ಕೆಲಸ ಮುಗಿದ ಮೇಲೆ ಅಂಟನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಒರೆಗೆ ಸೇರಿಸಬೇಕು.

ಗಾಯವಾದರೆ ಮಾಡಬೇಕಾದುದು

ಗರಗಸದ ಗಾಯ ಚಾಕುವಿನ ಗಾಯದಂತಲ್ಲ. ಅದರ ಅಂಚುಗಳು ಹರಿದಿರುತ್ತವೆ. ಮರದ ಪುಡಿ, ತೊಗಟೆ, ಮಣ್ಣು ಒಳಸೇರಿರುತ್ತವೆ. ರಕ್ತ ಹರಿಯುತ್ತಿದ್ದರೆ ಸ್ವಚ್ಛವಾದ ಬಟ್ಟೆಯನ್ನು ಗಾಯದ ಮೇಲೆಯೇ ಇಟ್ಟು, ಅಂಗೈಯಿಂದ ಬಲವಾಗಿ ಹತ್ತು ನಿಮಿಷ ಎತ್ತದೆ ಒತ್ತಿಹಿಡಿಯಬೇಕು. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನು ಇಡಬೇಕು. ಕಾಫಿಪುಡಿ, ಅರಿಸಿನ, ಸುಣ್ಣ, ಸೀಮೆಎಣ್ಣೆ ಯಾವುದನ್ನೂ ಹಾಕಕೂಡದು.

ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಬಟ್ಟೆಯ ಪಟ್ಟಿ ಕಟ್ಟಿ, ಕೋಲಿನಿಂದ ತಿರುಚಿ ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಕಟ್ಟಿದ ವೇಳೆಯನ್ನು ಬರೆದಿಟ್ಟು, ಆಸ್ಪತ್ರೆ ಸೇರುವವರೆಗೆ ಅದನ್ನು ಸಡಿಲಿಸಬಾರದು. ತೆಳುವಾದ ದಾರವನ್ನೋ ತಂತಿಯನ್ನೋ ಬಳಸಬಾರದು. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ರೋಗಿಯೊಂದಿಗೇ ಒಯ್ಯಬೇಕು. ಬೆರಳು ಮಂಜುಗಡ್ಡೆಗೆ ನೇರವಾಗಿ ತಾಗಬಾರದು.

ಗಾಯ ಚಿಕ್ಕದಾದರೂ ಧನುರ್ವಾಯುವಿನ ಭಯವನ್ನು ಮರೆಯಲಾಗದು. ಆ ರೋಗದ ಬೀಜಾಣುಗಳು ಮಣ್ಣು, ಧೂಳು, ಸಗಣಿಗಳಲ್ಲಿರುತ್ತವೆ. ಮರದ ಕೆಲಸ ಮಾಡುವವರು ಹತ್ತು ವರ್ಷಕ್ಕೊಮ್ಮೆ ಪ್ರತಿಬಂಧಕ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಗಾಯ ಮಲಿನವಾಗಿದ್ದು, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಕಳೆದಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳುವುದು ಅಗತ್ಯ. ಹಿಂದೆ ಯಾವ ಚುಚ್ಚುಮದ್ದನ್ನೂ ಹಾಕಿಸಿಕೊಳ್ಳದವರು ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಮರದಿಂದ ಬಿದ್ದವನನ್ನು ಕೂಡಲೇ ಎಬ್ಬಿಸಿ ಕೂರಿಸುವುದು, ನೀರು ಕುಡಿಸುವುದು, ಕೈಕಾಲು ಹಿಡಿದು ಎತ್ತಿ ಆಟೋರಿಕ್ಷಾದಲ್ಲಿ ಮಡಿಸಿ ಕೂರಿಸುವುದು ಅಪಾಯಕರ. ಬೆನ್ನುಮೂಳೆ ಮುರಿದಿದ್ದರೆ ಈ ಅವಸರವೇ ಶಾಶ್ವತ ಅಂಗವೈಕಲ್ಯಕ್ಕೆ ಕಾರಣವಾದೀತು. ತಲೆ ಕುತ್ತಿಗೆಗಳನ್ನು ಅಲುಗಿಸದೆ ಮಲಗಿದಂತೆಯೇ ಇರಿಸಿ 112 ಸಂಖ್ಯೆಗೆ ಕರೆಮಾಡಿ ಆಂಬುಲೆನ್ಸ್ ತರಿಸಬೇಕು. ಬೆಲ್ಟಿನಲ್ಲಿ ನಿಶ್ಚಲವಾಗಿ ತೂಗುತ್ತಿರುವವನ ರಕ್ತ ಕಾಲುಗಳಲ್ಲಿ ನಿಂತು ಪ್ರಜ್ಞೆ ತಪ್ಪಬಹುದು. ಅವನನ್ನು ತಡಮಾಡದೆ ಇಳಿಸಬೇಕು. ಅದಕ್ಕಾಗಿಯೇ ಮರದಡಿಯಲ್ಲಿ ಮರ ಹತ್ತಬಲ್ಲ ಇನ್ನೊಬ್ಬನಿರಬೇಕು.

ಕೆಲಸ ಮಾಡಿಸುವವರ ಹೊಣೆ

ಮರ ಸವರುವುದಕ್ಕೆ ಕಾನೂನಿನ ಕಟ್ಟಳೆಗಳೂ ಇವೆ. ಮಹಾರಾಷ್ಟ್ರದ ನಗರಗಳಲ್ಲಿ 1975ರ ವೃಕ್ಷಸಂರಕ್ಷಣಾ ಕಾಯಿದೆ, ದಿಲ್ಲಿಯಲ್ಲಿ 1994ರ ಕಾಯಿದೆ, ಕರ್ನಾಟಕದಲ್ಲಿ 1976ರ ಕಾಯಿದೆ ಜಾರಿಯಲ್ಲಿವೆ. ಸ್ವಂತ ಆವರಣದ ಮರವಾದರೂ ಸಂಬಂಧಪಟ್ಟ ಕಚೇರಿಯನ್ನು ವಿಚಾರಿಸಿ, ಬೇಕಾದ ಅನುಮತಿ ಪಡೆದೇ ಮುಂದುವರಿಯಬೇಕು. ವಿದ್ಯುತ್ ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿಗೆ ತಿಳಿಸಿ ಸಂಪರ್ಕ ಕಡಿಸಿದ ನಂತರವೇ ಕೆಲಸ ನಡೆಯಬೇಕು. ಮನುಷ್ಯನಾಗಲಿ, ಗರಗಸವಾಗಲಿ, ಹಸಿ ಕೊಂಬೆಯಾಗಲಿ ತಂತಿಯಿಂದ ಕನಿಷ್ಠ 3 ಮೀಟರ್ ದೂರವಿರಬೇಕು.

ಅನುಮತಿಪತ್ರ ಕೈಗೆ ಬಂದ ಮೇಲೆ ಸಂಘದ ಕಾರ್ಯದರ್ಶಿಯಾಗಲಿ, ತೋಟದ ಯಜಮಾನನಾಗಲಿ ಕೆಲಸಗಾರ ಏರುವ ಮೊದಲು ಐದು ಸಂಗತಿಗಳನ್ನು ಕಣ್ಣಾರೆ ನೋಡಿಕೊಳ್ಳುವುದು ಒಳಿತು. ಗರಗಸಕ್ಕೆ ಒರೆ ಇದೆಯೇ? ಒರೆಗೆ ತಡೆ ಇದೆಯೇ? ಪೂರ್ಣ ಬೆಲ್ಟೂ ಎರಡು ಹಗ್ಗಗಳೂ ಇವೆಯೇ? ಶಿರಸ್ತ್ರಾಣದ ಗಲ್ಲಪಟ್ಟಿ ಬಿಗಿದಿದೆಯೇ? ಕೆಳಗೆ ಮರ ಬಲ್ಲ ಇನ್ನೊಬ್ಬನಿದ್ದಾನೆಯೇ? ಇವುಗಳಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಅಂದಿನ ಕೆಲಸವನ್ನು ನಿಲ್ಲಿಸುವುದೇ ಲೇಸು. ಮಳೆ ಬಿದ್ದು ತೊಗಟೆ ನೆನೆದಿದ್ದರೂ, ಗಾಳಿ ಬೀಸುತ್ತಿದ್ದರೂ, ಕೆಲಸಗಾರ ಮದ್ಯಪಾನ ಮಾಡಿದ್ದರೂ ಇದೇ ಮಾತು.

ಕಡಿಮೆ ಕೂಲಿಗೆ ಒಪ್ಪಿ, ಬರಿಗಾಲಿನಲ್ಲಿ, ಬರಿಯ ಗರಗಸವನ್ನು ಸೊಂಟಕ್ಕೆ ಸಿಕ್ಕಿಸಿ ಏರುವವನು ಧೈರ್ಯಶಾಲಿಯೆಂದು ಮೆಚ್ಚುವವರಿದ್ದಾರೆ. ಅವನು ಏರುವುದು ಧೈರ್ಯದಿಂದಲ್ಲ, ಬಡತನದಿಂದ. ದೂರದ ಊರಿನಲ್ಲಿ ಅವನ ದುಡಿಮೆಯನ್ನೇ ನಂಬಿದ ಕುಟುಂಬವೊಂದು ಇರುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟುಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಒರೆಗೂ ಒಂದು ಹಗ್ಗಕ್ಕೂ ತಗಲುವ ವೆಚ್ಚ ಒಂದು ದಿನದ ಕೂಲಿಯ ಆಸುಪಾಸಿನದು. ಅದನ್ನು ಕೆಲಸ ಮಾಡಿಸುವವರೇ ಕೊಂಡು ಇಟ್ಟುಕೊಂಡರೆ ವರ್ಷ ವರ್ಷವೂ ಬರುವ ಕೆಲಸಗಾರರಿಗೆಲ್ಲ ಅದು ಒದಗುತ್ತದೆ.